ಎಮ್ಮೆಯ ಸದ್ದು ಹೇಗಿದೆ, ಬರಿ

ಸುರಂಗದ ಶಿಬಿರ
ಜನವರಿ ೮

ಕಾಂಪೌಂಡರಮ್ಮನಿಗೆ,

ಇನ್ನು ಮೇಲೆ ಭಾನುವಾರ ಔಷಧಿ ಅಂಗಡಿಯ ಫೋನಿನ ಮುಂದೆ ಕಾಯಬೇಡ. ಇಲ್ಲಿಯ ಲೈನು ಪೂರ್ತಿ ಕೆಟ್ಟಿದೆ. ಸರದಿಯಲ್ಲಿ ನಿಂತು ನಿಂತು, ಕೊನೆಗೆ ಹಲೋ ಹಲೋ ಅಂದು ಇಟ್ಟುಬಿಡುವುದಕ್ಕಿಂತ ಕಾಗದವೇ ವಾಸಿ. ಬರೆಯುತ್ತೇನೆ. ನೀನೂ ಬರಿ.

ಗುಡ್ಡದ ಹೊಟ್ಟೆಯನ್ನು ಅರ್ಧ ಕೊರೆದಿದ್ದೇವೆ. ಆಚೆ ಕಡೆಯಿಂದ ಇನ್ನೊಂದು ತಂಡ ಕೊರೆಯುತ್ತಾ ಬರುತ್ತಿದೆ. ನಡುವೆ ಎಲ್ಲೋ ಸಂಧಿಸಬೇಕು. ನನ್ನನ್ನು ಕೊರೆಯುವ ಯಂತ್ರದಿಂದ ಬಿಡಿಸಿ ರಿಪೇರಿ ಶೆಡ್ಡಿಗೆ ಹಾಕಿದ್ದಾರೆ. ಬಡ್ತಿ ಅಂದುಕೋ.

ಒಂದು ಕೆಲಸ ಹೇಳುತ್ತೇನೆ, ನಗಬೇಡ. ಎಮ್ಮೆಯನ್ನು ನೀನೇ ಎಬ್ಬಿಸು. ನಾವಿಬ್ಬರೂ ಗುಜರಿಯಿಂದ ತಳ್ಳಿಕೊಂಡು ಬಂದ ಆ ಕರಿ ಮೋಟರ್ ಸೈಕಲ್ಲು ಜಗಲಿಯ ಮೇಲೆ ಗೋಣಿ ಹೊದ್ದು ಮಲಗಿರುವುದು ಕನಸಿನಲ್ಲೂ ಬರುತ್ತದೆ. ಎಂಜಿನ್ ಕೂಡಿಸಿಯೇ ಬಂದಿದ್ದೇನೆ. ಚೌಕಟ್ಟು ನೆಟ್ಟಗಿದೆ. ಉಳಿದಿರುವುದು ವೈರು, ಬ್ರೇಕು, ಕಾರ್ಬುರೇಟರು. ಹಸುವಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ಕರು ತಿರುಗಿಸುವವಳಿಗೆ ಇದು ಯಾವ ಮಹಾ? ಹೇಗೆ ಎಂದು ನಾನು ಬರೆದು ಕಳಿಸುತ್ತೇನೆ.

ಅಮ್ಮ ಹೇಗಿದ್ದಾಳೆ? ಕಣ್ಣಿಗೆ ಹತ್ತಿರ ಹಿಡಿದು ಹೊಲಿಯುತ್ತಿದ್ದಾಳೆಯೆ?

ನಿನ್ನ
ಮೇಸ್ತ್ರಿ


ಮನೆ
ಫೆಬ್ರವರಿ ೨

ಮೇಸ್ತ್ರಿಗೆ,

ಲೈನು ಕೆಟ್ಟಿದೆ ಎಂದು ಬರೆದಿದ್ದೀಯ. ವಿಚಿತ್ರ. ಹೋದ ಸಲ ನಿನ್ನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು. ನೀನು ಹಲೋ ಹಲೋ ಅನ್ನುತ್ತಿದ್ದೆ, ನಾನು "ಇದೀನಿ, ಇದೀನಿ, ಹೇಳು" ಅನ್ನುತ್ತಿದ್ದೆ. ಇದ್ದಕ್ಕಿದ್ದಂತೆ ಇಟ್ಟುಬಿಟ್ಟೆ. ಔಷಧಿ ಅಂಗಡಿಯವರು, "ಏನಮ್ಮ, ಜಗಳಾನಾ?" ಅಂದರು. "ಜಗಳ ಆಡೋಕಾದ್ರೂ ಗಂಡ ಎದುರಿಗಿರಬೇಕಲ್ಲ" ಅಂದೆ. ನಕ್ಕರು. ನಾನೂ ನಕ್ಕೆ, ಅಂಗಡಿ ದಾಟುವವರೆಗೆ.

ಎಮ್ಮೆಯ ಗೋಣಿ ಸರಿಸಿದೆ. ಹೆಡ್‌ಲೈಟಿನೊಳಗೆ ಜೇಡವೊಂದು ಸಂಸಾರ ಹೂಡಿತ್ತು. ಅತ್ತೆ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ಹಳೆಯ ಬೆಡ್‌ಶೀಟು ಹಾಸಿ, ನಾನು ಬಿಚ್ಚಿದ ಒಂದೊಂದು ನಟ್ಟನ್ನೂ ಸಾಲಾಗಿ ಜೋಡಿಸಿದರು. "ಅವನು ಚಿಕ್ಕೋನಿದ್ದಾಗ ಗಡಿಯಾರ ಬಿಚ್ಚಿ, ಮತ್ತೆ ಕೂಡಿಸೋಕೆ ಬರದೆ ಮಂಚದ ಕೆಳಗೆ ಹೋಗಿ ಅಳ್ತಿದ್ದ. ನೀನು ಹಾಗ್ ಮಾಡ್ಬೇಡ" ಅಂದರು. ಆಗ ನೀನು ಮಂಚದ ಕೆಳಗೆ ಎಷ್ಟು ಹೊತ್ತು ಇದ್ದೆ ಎಂದು ಕೇಳಿದೆ. ಕರೆದರೂ ಬರುತ್ತಿರಲಿಲ್ಲವಂತೆ. ಅಭ್ಯಾಸ ಹಳೆಯದು ಅಂತಾಯಿತು.

ಆರು ವೋಲ್ಟಿನ ವೈರಿಂಗನ್ನು ಕಿತ್ತು ಹನ್ನೆರಡು ವೋಲ್ಟಿಗೆ ಹಾಕಿಸುತ್ತಿದ್ದೇನೆ. ನಿನ್ನನ್ನು ಕೇಳಲಿಲ್ಲ. ಆರು ವೋಲ್ಟಿನ ದೀಪದಲ್ಲಿ ಮುಂದಿನ ಗುಂಡಿ ಕಾಣಬೇಕಾದರೆ ಬೆಂಕಿಕಡ್ಡಿ ಗೀರಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಿದ.

ಕಾಂಪೌಂಡರಮ್ಮ


ಸುರಂಗದ ಶಿಬಿರ
ಫೆಬ್ರವರಿ ೨೪

ಕಾಂಪೌಂಡರಮ್ಮನಿಗೆ,

ಹನ್ನೆರಡು ವೋಲ್ಟು ಮಾಡಿಸಿದ್ದು ಸರಿ. ನನಗೆ ಹೊಳೆದಿರಲಿಲ್ಲ.

ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆ. ಒಳಗೆ ಹಿತ್ತಾಳೆಯ ಸಣ್ಣ ಜೆಟ್ ಇರುತ್ತದೆ, ಅದರ ತೂತಿಗೆ ತಂತಿ ತುರುಕಬೇಡ, ಬಾಯಿಂದ ಊದು. ಪಕ್ಕದ ತಿರುಪನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಒಂದೂವರೆ ಸುತ್ತು ಸಡಿಲಿಸು. ಅಲ್ಲಿಂದ ಮುಂದೆ ಕಿವಿಯೇ ಗುರು. ಉಸಿರು ಕಟ್ಟಿದ ಹಾಗೆ ಓಡಿದರೆ ಇನ್ನಷ್ಟು ಸಡಿಲಿಸು. ಕೆಮ್ಮಿದರೆ ಬಿಗಿ ಮಾಡು.

ಅದು ಶುರುವಾದ ದಿನ ಸದ್ದು ಹೇಗಿದೆ, ಬರಿ. ಚೆನ್ನಾಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ತಣ್ಣಗಿರುವಾಗ ಹೇಗೆ, ಕಾದ ಮೇಲೆ ಹೇಗೆ, ಏರಿನಲ್ಲಿ ಹೇಗೆ, ಆರಿಸಿದಾಗ ಕೊನೆಯ ಗುಟುಕು ಹೇಗೆ. ಎಲ್ಲ ಬರಿ.

ಇಲ್ಲಿ ವಿಶೇಷವಿಲ್ಲ. ಅಡುಗೆಯವನು ನನ್ನ ಕೋಣೆಗೆ ಬಂದು ಸೇರಿದ್ದಾನೆ. ಗೊರಕೆ ಹೊಡೆಯುತ್ತಾನೆ ಎಂದು ಎಲ್ಲರೂ ಅವನನ್ನು ಹೊರಗೆ ಹಾಕಿದರಂತೆ. ನನಗೆ ತೊಂದರೆಯಿಲ್ಲ.

ಮೇಸ್ತ್ರಿ


ಮನೆ
ಮಾರ್ಚ್ ೧೯

ಮೇಸ್ತ್ರಿ, ಮೇಸ್ತ್ರಿ, ಮೇಸ್ತ್ರಿ,

ಎದ್ದಿತು! ಒದ್ದು ಒದ್ದು ನನ್ನ ಮೊಣಕಾಲು ಬಿದ್ದುಹೋಯಿತು ಅಂದುಕೊಂಡಾಗ ಎದ್ದಿತು. ಅತ್ತೆ ಹೊಲಿಗೆ ಯಂತ್ರ ಬಿಟ್ಟು ಓಡಿ ಬಂದು, ನನ್ನನ್ನು ತಬ್ಬಿಕೊಳ್ಳುವ ಬದಲು ಟ್ಯಾಂಕನ್ನು ತಬ್ಬಿಕೊಂಡರು.

ಸದ್ದು ಬೇಕು ಅಂದೆಯಲ್ಲ, ತಗೋ. ತಣ್ಣಗಿರುವಾಗ ಗಂಟಲಲ್ಲಿ ಕಫ ಕಟ್ಟಿದ ಮುದುಕ ಯಾರನ್ನೋ ಕರೆಯುವ ಹಾಗೆ. ಕಾದ ಮೇಲೆ, ಕೊಟ್ಟಿಗೆಯಲ್ಲಿ ಹೊಟ್ಟೆ ತುಂಬಿದ ಆಕಳು ಮೆಲುಕು ಹಾಕುವ ಹಾಗೆ, ಅವಸರವೇ ಇಲ್ಲ. ಏರಿನಲ್ಲಿ ಹಲ್ಲು ಕಚ್ಚಿಕೊಂಡು ಗೊಣಗುತ್ತದೆ, ಥೇಟ್ ನಿನ್ನ ಹಾಗೆ. ಆರಿಸಿದರೆ ಮೂರು ಗುಟುಕು. ಮೂರನೆಯದು ಬರುತ್ತದೋ ಇಲ್ಲವೋ ಅನ್ನುವಷ್ಟು ತಡವಾಗಿ ಬರುತ್ತದೆ.

ಹ್ಯಾಂಡಲ್ ಬದಲಿಸಿದೆ. ನಿನ್ನ ಉದ್ದ ತೋಳಿಗೆ ಸರಿಯಿದ್ದದ್ದು ನನಗೆ ಎಟುಕುತ್ತಿರಲಿಲ್ಲ. ಸೀಟಿನ ಸ್ಪಂಜನ್ನು ಕತ್ತರಿಸಿ ತಗ್ಗಿಸಿದೆ, ಈಗ ಎರಡೂ ಪಾದ ನೆಲಕ್ಕೆ ತಾಗುತ್ತವೆ. ಹಿಂದಿನ ಸೀಟು ತೆಗೆದು ಲಸಿಕೆಯ ಐಸ್ ಪೆಟ್ಟಿಗೆ ಕೂರಲು ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿದೆ. ಸೈಕಲ್ಲಿನಲ್ಲಿ ದಿನಕ್ಕೆ ಒಂದು ಹಳ್ಳಿ ಮುಟ್ಟುತ್ತಿದ್ದೆ, ಈಗ ಹತ್ತಿರದ್ದನ್ನೆಲ್ಲ ಮುಗಿಸಿ ಬರುತ್ತೇನೆ.

ಭಾನುವಾರ ಔಷಧಿ ಅಂಗಡಿಯ ಕಡೆ ಹೋಗುವುದಿಲ್ಲ. ಆದರೂ ಹತ್ತು ಗಂಟೆಗೆ ಆ ರಸ್ತೆಯಲ್ಲಿ ಏನಾದರೊಂದು ಕೆಲಸ ಬೀಳುತ್ತದೆ.

ನಿನ್ನ ಕಾಂಪೌಂಡರಮ್ಮ


ಸುರಂಗದ ಶಿಬಿರ
ಏಪ್ರಿಲ್ ೩

ಕಾಂಪೌಂಡರಮ್ಮನಿಗೆ,

ನಿನ್ನ ಕಾಗದ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಆಕಳು ಮೆಲುಕು ಹಾಕುವ ಸಾಲನ್ನು ಅಡುಗೆಯವನಿಗೂ ತೋರಿಸಿದೆ.

ಹ್ಯಾಂಡಲ್ ಸರಿ, ಸೀಟು ಸರಿ. ಎರಡು ಸೀಟನ್ನು ಒಂದು ಮಾಡಿದ್ದೀಯ. ಕೆಲಸಕ್ಕೆ ಬೇಕು, ಗೊತ್ತು. ಆದರೂ ನಾನು ಬಂದ ಮೇಲೆ ಎಲ್ಲಿ ಕೂರಬೇಕು? ಐಸ್ ಪೆಟ್ಟಿಗೆಯ ಮೇಲೋ?

ಮುಂದಿನ ಕೆಲಸ ಸೈಲೆನ್ಸರು. ಹಳೆಯದು ತುಕ್ಕು ತಿಂದಿರುತ್ತದೆ. ಗಿಡ್ಡದ್ದು ಹಾಕಿಸು. ಹಾಕಿಸಿದ ಮೇಲೆ ಸದ್ದು ಎಷ್ಟು ಬದಲಾಯಿತು, ಬರಿ. ಮೂರನೆಯ ಗುಟುಕು ಈಗಲೂ ತಡವಾಗಿ ಬರುತ್ತದೆಯೇ ಎಂದು ತಪ್ಪದೆ ಬರಿ.

ಮೇಸ್ತ್ರಿ


ಮನೆ
ಮೇ ೧೧

ಮಗನಿಗೆ,

ಇದು ನಿನ್ನ ಅಮ್ಮನ ಅಕ್ಷರ. ಹೇಳುತ್ತಿರುವವಳು ನಿನ್ನ ಹೆಂಡತಿ. ದನದ ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ, ಕೈ ಬಿಡುವಿಲ್ಲ ಎಂದು ಬರೆಯಿರಿ ಅನ್ನುತ್ತಿದ್ದಾಳೆ. ಬರೆದೆ. ಬೇರೆ ಏನಾದರೂ ಸೇರಿಸಿದರೆ ಓದಿ ನೋಡಿ ಹರಿಯುತ್ತಾಳಂತೆ. ಹಾಗಾಗಿ ಅವಳು ಹೇಳಿದ್ದಷ್ಟೇ.

ಗಿಡ್ಡ ಸೈಲೆನ್ಸರು ಹಾಕಿಸಿದ್ದಾಯಿತು. ಮೊದಲ ದಿನವೇ ಒಂದು ಹಿಂಡು ಕುರಿ ಬೇಲಿ ಹಾರಿತಂತೆ. ಆಸ್ಪತ್ರೆಯ ಡಾಕ್ಟರು, "ನೀನು ಲಸಿಕೆ ಹಾಕೋಕೆ ಹೋಗ್ತೀಯೋ ದರೋಡೆ ಮಾಡೋಕೋ?" ಅಂದರಂತೆ. ಒಳಗೆ ಗಾಜಿನ ಉಣ್ಣೆ ತುಂಬಿಸಿ ಸದ್ದು ತಗ್ಗಿಸಿದಳು. ಈಗ ಗುಡುಗು ದೂರ ಹೋದ ಮೇಲೆ ಉಳಿಯುವ ಸದ್ದಿನ ಹಾಗಿದೆಯಂತೆ. ಗುಟುಕು ಮೂರೇ ಎಂದು ಬರೆಯಿರಿ ಅಂದಳು. ಅದೇನು ಗುಟುಕೋ ನಿಮಗಿಬ್ಬರಿಗೇ ಗೊತ್ತು.

ಸೀಟಿಗೆ ಕವರು ಹೊಲಿದವಳು ನಾನು. ಅದು ಮಾತ್ರ ನಾನಾಗಿ ಬರೆಯುತ್ತಿರುವುದು. ದಪ್ಪ ರೆಕ್ಸಿನ್ನು, ಸೂಜಿಗಳು ಮುರಿದುಹೋದವು.

ನಿನ್ನ ಸದ್ದೇ ಇಲ್ಲವಲ್ಲೋ.

ಅಮ್ಮ


ಸುರಂಗದ ಶಿಬಿರ
ಜೂನ್ ೨

ಕಾಂಪೌಂಡರಮ್ಮನಿಗೆ,

ಕೈ ಬಿಡುವಿಲ್ಲದವಳಿಗೆ ಪಕ್ಕದಲ್ಲಿ ಕೂತು ಹೇಳಿ ಬರೆಸಲು ಬಿಡುವಿತ್ತು. ಇರಲಿ. ನಿನ್ನ ಅಕ್ಷರ ಲಕೋಟೆಯ ಮೇಲೂ ಇರಲಿಲ್ಲ. ಅಂಚೆಯವನು ತಪ್ಪಿ ಕೊಟ್ಟನೇನೋ ಎಂದು ಹೊರಗಿನ ವಿಳಾಸವನ್ನು ಮತ್ತೆ ನೋಡಿದೆ.

ಬೇಸರವಿಲ್ಲ. ದೂರ ಇದ್ದವರಿಗೆ ಬರೆದು ಬರೆದು ಯಾರಿಗಾದರೂ ಸಾಕಾಗುತ್ತದೆ.

ಚೈನಿನ ಹಿಂದಿನ ಹಲ್ಲುಗಾಲಿ ಸವೆದಿರಬಹುದು. ಒಂದೆರಡು ಹಲ್ಲು ಕಡಿಮೆಯಿರುವುದನ್ನು ಹಾಕಿಸಿದರೆ ದೂರದ ದಾರಿಯಲ್ಲಿ ಎಂಜಿನ್ನಿಗೆ ಆಯಾಸವಾಗುವುದಿಲ್ಲ. ಆಗ ಸದ್ದೂ ಮೃದುವಾಗುತ್ತದೆ. ಹೇಗೆ ಎಂದು ಬರಿ. ಅಮ್ಮನ ಕೈಯಲ್ಲಾದರೂ ಬರೆಸು.

ಮೇಸ್ತ್ರಿ


ಮನೆ
ಜೂನ್ ೨೮

ಮೇಸ್ತ್ರಿಗೆ,

ಇದು ನನ್ನ ಅಕ್ಷರ, ಸೊಟ್ಟಗಿದ್ದರೆ ಕ್ಷಮಿಸು. ನಿನ್ನ ಕಾಗದಗಳನ್ನೆಲ್ಲ ಮಂಚದ ಮೇಲೆ ಹರಡಿ ಓದಿದೆ. ಸದ್ದು ಹೇಗಿದೆ, ಸದ್ದು ಹೇಗಿದೆ, ಸದ್ದು ಹೇಗಿದೆ. ನಾನು ಹೇಗಿದ್ದೇನೆ ಎಂದು ಒಂದು ಸಲ ಕೇಳಿದ್ದೀಯಾ? ಹುಡುಕಿ ನೋಡಿದೆ, ಸಿಗಲಿಲ್ಲ. ಆ ಕಬ್ಬಿಣದ ರಾಶಿಯ ಕೊನೆಯ ಗುಟುಕು ನಿನಗೆ ಬೇಕು. ನನ್ನ ಗಂಟಲಿನ ಒಂದು ಮಾತು ಬೇಡ.

ಕಳೆದ ವಾರ ಔಷಧಿ ಅಂಗಡಿಯವರು ತಾವಾಗಿಯೇ ನಿಮ್ಮ ಶಿಬಿರಕ್ಕೆ ಫೋನು ಮಾಡಿ ನೋಡಿದರು. ಮೊದಲ ಗಂಟೆಗೇ ಯಾರೋ ಎತ್ತಿದರು. ಲೈನು ಕನ್ನಡಿಯ ಹಾಗಿತ್ತು. ನಿನ್ನನ್ನು ಕರೆಯಿರಿ ಅಂದರೆ, "ಅವರು ಫೋನಿಗೆ ಬರಲ್ಲ" ಅಂದರು.

ಅಂಗಡಿಯವರು ನನ್ನ ಮುಖ ನೋಡಲಿಲ್ಲ. ಮಾತ್ರೆಯ ಡಬ್ಬಿಗಳನ್ನು ಸುಮ್ಮನೆ ಅತ್ತಿತ್ತ ಜೋಡಿಸಿದರು.

ಬರುವ ಭಾನುವಾರ ಫೋನು ಮಾಡು. ಏನೂ ಮಾತಾಡಬೇಕಾಗಿಲ್ಲ, ಕೆಮ್ಮಿದರೂ ಸಾಕು. ಮಾಡದಿದ್ದರೆ ನಾನೇ ಹೊರಟು ಬರುತ್ತೇನೆ. ಹೊಸ ಹಲ್ಲುಗಾಲಿ ಹಾಕಿಸಿದ್ದೇನೆ. ಎಮ್ಮೆ ಈಗ ಎಷ್ಟು ದೂರಕ್ಕೂ ತಯಾರಿದೆ.

ಕಾಂಪೌಂಡರಮ್ಮ


ಸುರಂಗದ ಶಿಬಿರ
ಜುಲೈ ೪

ಬರಬೇಡ.

ರಸ್ತೆ ಸರಿಯಿಲ್ಲ, ಕಲ್ಲು ಸಿಡಿಸುತ್ತಿದ್ದಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನೀನು ಅಂದುಕೊಂಡ ಹಾಗೆ ಏನೂ ಇಲ್ಲ. ಸ್ವಲ್ಪ ಸಮಯ ಕೊಡು. ನಾನೇ ಬರೆಯುತ್ತೇನೆ.

ಮೇಸ್ತ್ರಿ


ಮನೆ
ಜುಲೈ ೨೨

ಬರಬೇಡ ಅಂದೆ. ಬಂದಿದ್ದೆ.

ಬೆಳಿಗ್ಗೆ ಹೊರಟವಳು ಮಧ್ಯಾಹ್ನದ ಹೊತ್ತಿಗೆ ನಿಮ್ಮ ಗೇಟಿನ ಮುಂದಿದ್ದೆ. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ ಬಂದೆ. ಬೈಗುಳ ಮೊದಲೋ, ಅಳು ಮೊದಲೋ ಎಂದು ತೀರ್ಮಾನವಾಗಿರಲಿಲ್ಲ. ತಂತಿ ಬೇಲಿಯ ಆಚೆ, ಶೆಡ್ಡಿನ ಪಕ್ಕದ ನಲ್ಲಿಯಲ್ಲಿ ನೀನು ಕೈ ತೊಳೆಯುತ್ತಿದ್ದೆ. ಅತ್ತೆ ಹೊಲಿದ ನೀಲಿ ಅಂಗಿ. ಸಣ್ಣಗಾಗಿದ್ದೀಯ. ಕುತ್ತಿಗೆಯ ಹಿಂದೆ ಕೂದಲು ಬೆಳೆದಿದೆ, ಯಾರೂ ಹೇಳುವವರಿಲ್ಲ.

ಕರೆದೆ. ನಾವಿಬ್ಬರೇ ಇರುವಾಗ ಕರೆಯುವ ಹೆಸರಿನಿಂದ, ಅಷ್ಟು ಜನರ ಮುಂದೆ, ನಾಚಿಕೆ ಬಿಟ್ಟು. ಹಾರನ್ ಒತ್ತಿದೆ. ಕೊನೆಗೆ ಎಂಜಿನ್ನನ್ನು ರೊಂಯ್ಯನೆ ಎಬ್ಬಿಸಿದೆ. ಲಾರಿಯವರು ತಿರುಗಿದರು, ಅಡುಗೆಮನೆಯಿಂದ ಯಾರೋ ಇಣುಕಿದರು, ತಗಡಿನ ಮೇಲಿದ್ದ ಕಾಗೆಗಳು ಹಾರಿದವು. ನೀನು ಮಾತ್ರ ಅಂಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ.

ಕಾವಲಿನವನು, "ಅವರನ್ನ ಕೂಗಿ ಉಪಯೋಗ ಇಲ್ಲ ಕಣಮ್ಮ" ಅಂದ. ಇಡೀ ಶಿಬಿರಕ್ಕೇ ಗೊತ್ತಿದೆ ಅಂತಾಯಿತು, ಕರೆದರೆ ಓಗೊಡದ ಮನುಷ್ಯ ಎಂದು. ಪಾಳಿ ಮುಗಿಯುವ ತನಕ ಕಾಯಿರಿ, ನಾನೇ ಹೋಗಿ ಹೇಳ್ತೀನಿ ಅಂದ. ಕಾಯಲಿಲ್ಲ. ಗಾಡಿ ತಿರುಗಿಸಿದೆ.

ಹೋಗಲಿ, ನನ್ನ ದನಿ ಬೇಡವಾಗಿತ್ತು ಅನ್ನೋಣ. ಆರು ತಿಂಗಳಿಂದ ಕೇಳಿ ಕೇಳಿ ಬರೆಸಿಕೊಂಡ ಆ ಸದ್ದಿಗೂ ನೀನು ತಿರುಗಲಿಲ್ಲವಲ್ಲ. ಅಷ್ಟು ಬೇಡವಾದೆನೆ?


ಸುರಂಗದ ಶಿಬಿರ
ಜುಲೈ ೨೭

ನನ್ನ ಕಾಂಪೌಂಡರಮ್ಮನಿಗೆ,

ನನಗೆ ಕೇಳಿಸಲಿಲ್ಲ.

ನಿನ್ನ ಕಾಗದ ಓದಿದ ಮೇಲೆ ಬೇಲಿಯ ಹತ್ತಿರ ಹೋಗಿ ನಿಂತೆ. ನೀನು ನಿಂತಿದ್ದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದ ಗುರುತು ಕಾಣುತ್ತದೆಯೇ ಎಂದು ಮಣ್ಣು ನೋಡಿದೆ. ಕಾವಲಿನವನು, ಅಡುಗೆಯವನು, ಇಬ್ಬರೂ ನನಗೆ ಹೇಳಿರಲಿಲ್ಲ. ಹೆಸರೂ ಹೇಳದೆ ಹೊರಟುಹೋದೆಯಂತೆ, ನೀನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಿಡಿತ ಹೊತ್ತಿಗೆ ಮುಂಚೆ ಆಯಿತು. ನಾನು ಯಂತ್ರದ ಹತ್ತಿರವೇ ಇದ್ದೆ. ಮೈಗೆ ಗೀರೂ ಆಗಲಿಲ್ಲ. ಎಡಗಿವಿ ಆಗಲೇ ಹೋಯಿತು. ಬಲಗಿವಿ ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತಾ ಹೋಯಿತು. ಫೋನಿನಲ್ಲಿ ನಿನ್ನ ಮಾತು ಬಾವಿಯ ತಳದಿಂದ ಬಂದ ಹಾಗೆ ಬರುತ್ತಿತ್ತು. ಕೊನೆಯ ಭಾನುವಾರ ಅದೂ ಇಲ್ಲ. ನರ ಸತ್ತಿದೆ, ಮರಳುವುದಿಲ್ಲ ಎಂದು ಇಲ್ಲಿಯ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಅದಕ್ಕೇ ರಿಪೇರಿ ಶೆಡ್ಡು. ಅದಕ್ಕೇ ಗೊರಕೆಯವನು ನನ್ನ ಕೋಣೆಯಲ್ಲಿ.

ಯಾಕೆ ಹೇಳಲಿಲ್ಲ? ಇಲ್ಲಿ ಎಲ್ಲರೂ ನನ್ನ ಮುಖದ ಹತ್ತಿರ ಬಂದು ಕಿರುಚುತ್ತಾರೆ. ಅವರ ಕುತ್ತಿಗೆಯ ನರ ಉಬ್ಬುವುದು ಕಾಣುತ್ತದೆ, ಮಾತು ಕಾಣುವುದಿಲ್ಲ. ನೀನು ಮೆಲ್ಲಗೆ ಮಾತಾಡುವವಳು. ನೀನೂ ಹಾಗೆ ಕಿರುಚುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಎಂಜಿನ್ ಸದ್ದು ಹೇಗಿದೆ ಎಂದು ಕೇಳಿದ್ದು ಎಂಜಿನ್ನಿಗಾಗಿ ಅಲ್ಲ. ನೀನು ಬರೆದರೆ ನನಗೆ ಒಳಗೆ ಕೇಳಿಸುತ್ತದೆ. ಆಕಳ ಮೆಲುಕನ್ನು ಓದಿದ ದಿನ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಾ ಮಲಗಿದ್ದೆ. ನಿನ್ನ ದನಿ ಹೇಗಿದೆ ಬರಿ ಎಂದು ಕೇಳುವುದು ಹೇಗೆ? ಅದು ನೆನಪಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲೂ ನನಗೆ ಹೆದರಿಕೆ.

ಈಗ ಎಲ್ಲ ಹೇಳಿದ್ದೇನೆ. ಬರೆದರೆ ಬರಿ. ಇಲ್ಲದಿದ್ದರೂ ನನಗೆ ಅರ್ಥವಾಗುತ್ತದೆ.

ಮೇಸ್ತ್ರಿ


ಮನೆ
ಆಗಸ್ಟ್ ೧

ಮೇಸ್ತ್ರಿ,

ಅತ್ತೆಗೆ ಓದಿ ಹೇಳಿದೆ. ಅವರು ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆಯಿಲ್ಲದೆ ಪೆಡಲ್ ತುಳಿಯುತ್ತಿದ್ದರು. ಆಮೇಲೆ ಎದ್ದು ಬಂದು, "ಅಲ್ಲೇ ಕೂತಿರ್ತಾನೆ, ಕರ್ಕೊಂಡು ಬಾ" ಅಂದರು.

ನನ್ನದೂ ಒಂದಿದೆ. ಏಪ್ರಿಲಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರು ಹಾಕಿದ್ದರು. ಹೇಳಿದರೆ ಗಾಡಿ ಮುಟ್ಟಬೇಡ ಅನ್ನುತ್ತೀಯ, ನನಗೆ ಅದು ಬೇಕಾಗಿತ್ತು. ಅದರ ಮೇಲೆ ಕೂತಾಗ ಮಾತ್ರ ನೀನಿರುವ ದಿಕ್ಕಿಗೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು, ಹೋಗುವುದು ಕುರಿದೊಡ್ಡಿಗಾದರೂ. ಹಾಗಾಗಿ ಅತ್ತೆಯ ಕೈಯಲ್ಲಿ ಬರೆಸಿದೆ. ನೀನು ಅದನ್ನು ಹೇಗೆ ಓದಿಕೊಂಡೆ, ನಾನು ನಿನ್ನ ಬೆನ್ನನ್ನು ಹೇಗೆ ಓದಿಕೊಂಡೆ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು.

ಐಸ್ ಪೆಟ್ಟಿಗೆಯ ಚೌಕಟ್ಟಿನ ಬೆಸುಗೆ ಬಿಡಿಸಿ ಬೋಲ್ಟು ಹಾಕಿಸಿದ್ದೇನೆ, ಬಿಚ್ಚಿದರೆ ಹಿಂದಿನ ಸೀಟು ಕೂರುತ್ತದೆ.

ಹನ್ನೆರಡನೇ ತಾರೀಕು, ಶನಿವಾರ, ಗೇಟಿನ ಮುಂದೆ ಬಂದು ನಿಲ್ಲುತ್ತೇನೆ. ಕೂಗುವುದಿಲ್ಲ. ಹಾರನ್ ಒತ್ತುವುದಿಲ್ಲ. ನೀನು ರಸ್ತೆಯ ಕಡೆ ಮುಖ ಮಾಡಿ ನಿಂತಿರು, ಅಷ್ಟು ಸಾಕು.

ನಿನ್ನವಳು


ಅಡುಗೆಮನೆ
ಆಗಸ್ಟ್ ೧೨, ಸಂಜೆ

ಮೇಜಿನ ಮೇಲೆ ಇನ್ನೊಂದು ಪೆನ್ನು ಸಿಗಲಿಲ್ಲ, ಅದಕ್ಕೆ ಅಮ್ಮನ ಬಟ್ಟೆ ಗುರುತಿಸುವ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೇನೆ. ಓದಲು ಬರುತ್ತಿದೆಯೆ? ಅಮ್ಮ ಬಾಗಿಲಲ್ಲಿ ಬಾಯಿ ತೆರೆದು ಏನೋ ಹೇಳಿದಳು, ಏನದು?

*ಕೂದಲು ಕತ್ತರಿಸ್ಕೊಂಡು ಒಳಗೆ ಬಾ ಅಂದರು. ಆಮೇಲೆ ಅತ್ತರು. ಪೆನ್ನು ತಗೋ, ನನ್ನ ಹತ್ತಿರ ಎರಡಿವೆ.*

ನೀನು ಗಾಡಿ ಓಡಿಸುವುದನ್ನು ಮೊದಲ ಸಲ ನೋಡಿದೆ. ಗೇರು ಬದಲಿಸುವಾಗ ತುಟಿ ಕಚ್ಚುತ್ತೀಯ, ಕನ್ನಡಿಯಲ್ಲಿ ಕಂಡಿತು. ಮುಂದಿನ ಬ್ರೇಕು ಮೆತ್ತಗಿದೆ. ಡ್ರಮ್ ತೆಗೆದು ಡಿಸ್ಕ್ ಹಾಕೋಣ.

*ಆಗಲೇ ಶುರುವಾಯಿತಾ? ಮೊದಲು ಊಟ ಮಾಡು.*

ಮಾಡುತ್ತೇನೆ. ಒಂದು ಕೇಳಬೇಕು. ಸೇತುವೆ ದಾಟಿದ ಮೇಲೆ ನೀನು ಮಾತಾಡುತ್ತಿದ್ದೆ. ನನ್ನ ಎದೆ ನಿನ್ನ ಬೆನ್ನಿಗೆ ತಾಗಿತ್ತು. ಎಂಜಿನ್ನಿನ ನಡುಕವೇ ಬೇರೆ, ನಿನ್ನ ಮಾತಿನ ನಡುಕವೇ ಬೇರೆ. ಸಣ್ಣದು, ನಿಂತು ನಿಂತು ಬರುತ್ತಿತ್ತು. ಏನು ಹೇಳಿದೆ?

*ಪೆಟ್ರೋಲು ಮುಗೀತಾ ಬಂತು ಅಂದೆ.*

ಸುಳ್ಳು. ಪೆಟ್ರೋಲಿನ ಬಗ್ಗೆ ಯಾರೂ ಅಷ್ಟು ದೂರ ಮಾತಾಡುವುದಿಲ್ಲ. ಎರಡು ಊರು ದಾಟಿದೆವು.

*ಹೋದ ಸಲ ಜೋಡಿಸಿಕೊಂಡು ಬಂದು ಹೇಳದೆ ವಾಪಸು ಒಯ್ದಿದ್ದೆನಲ್ಲ, ಅದನ್ನೆಲ್ಲ ಹೇಳಿದೆ. ನಿನಗೆ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದೆ. ಬೈಗುಳವೂ ಇತ್ತು.*

ಒಂದೂ ಬಿಡದೆ ಬೇಕು. ಬರಿ.

*ಈ ಚೀಟಿ ಸಾಲದು, ದೊಡ್ಡ ಕಾಗದ ತಂದೆ. ನೀನು ಕುರ್ಚಿ ಇತ್ತ ಎಳೆದುಕೋ. ಇನ್ನೂ ಹತ್ತಿರ. ನಾನು ಬರೆದು ಮುಗಿಸುವ ತನಕ ಕಾಯಬೇಡ, ಬರೆಯುತ್ತಿರುವಾಗಲೇ ಓದು.*